ಇಂಗ್ಲೆಂಡ್ ಹಳ್ಳಿ ಕಡೆಯ ಪಾಳು ಕೋಟೆ, ಅಬ್ಬೆ ನೋಡೋಕೆ ಹೋಗೋರಿಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಇಂಗ್ಲೆಂಡಲ್ಲಿ ಕೆಲಸ ಅಂತ ಬಂದು ಸೆಟ್ಲ್ ಆಗಿರೋ ನಮ್ಮೋರಿಗೆ, ಮಕ್ಕಳ ಮನೆಗೆ ಅಂತ ಬೇಸಿಗೇಲಿ ಬರೋ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗ್ಲಿ ಅಂತ ಇದನ್ನ ಬರೆದಿದೀನಿ. ಇಡೀ ದೇಶ ಹಿಡಿದು ಮೇಲೆ ಮೇಲೆ ಹೇಳೋದಕ್ಕಿಂತ ನಾರ್ತ್ ಯಾರ್ಕ್‌ಶೈರ್ ಹಿಡ್ಕೊಂಡು ಸ್ವಲ್ಪ ಆಳವಾಗಿ ಹೇಳೋದು ಒಳ್ಳೇದು ಅನ್ನಿಸ್ತು, ಯಾಕಂದ್ರೆ ಕೋಟೆ ಮತ್ತೆ ಅಬ್ಬೆ (ಕ್ರೈಸ್ತ ಸನ್ಯಾಸಿಗಳ ಮಠ) ಎರಡೂ ಇಷ್ಟು ಹತ್ರ ಹತ್ರ ಸಿಗೋ ಜಾಗ ಕಮ್ಮಿ. ಬೇರೆ ಕಡೆಯದು ಕೊನೇಲಿ ಒಂದಿಷ್ಟು ಇದೆ.

ಈ ಅಬ್ಬೆಗಳೆಲ್ಲ ಯಾಕೆ ಹೀಗೆ ಛಾವಣಿ ಇಲ್ದೆ ನಿಂತಿವೆ? ಹಳೇದಾಗಿ ಬಿದ್ದಿದ್ದಾ?

ಅಲ್ಲ. ಇದೊಂದು ಗೊತ್ತಿದ್ರೆ ಇಡೀ ಟ್ರಿಪ್ಪೇ ಬೇರೆ ಥರ ಕಾಣತ್ತೆ, ಅದಕ್ಕೇ ಮೊದಲ ಪ್ರಶ್ನೆಯಾಗಿ ಇಟ್ಟಿದೀನಿ. ಇವು ವಯಸ್ಸಾಗಿ ಬಿದ್ದ ಕಟ್ಟಡಗಳಲ್ಲ, ಆರ್ಡರ್ ಮಾಡಿ, ಲೆಕ್ಕ ಬರೆದು, ಕೂಲಿ ಕೊಟ್ಟು ಕೆಡವಿಸಿದ ಕಟ್ಟಡಗಳು. ಎಂಟನೇ ಹೆನ್ರಿ 1534ರಲ್ಲಿ ರೋಮಿನ ಪೋಪ್ ಜೊತೆ ಸಂಬಂಧ ಕಡ್ಕೊಂಡು ಇಂಗ್ಲೆಂಡ್ ಚರ್ಚಿಗೆ ನಾನೇ ಮುಖ್ಯಸ್ಥ ಅಂದ, ಮಾರನೇ ವರ್ಷ ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಕಡೆಯೋರು ಊರೂರು ತಿರುಗಿ ಯಾವ ಮಠಕ್ಕೆ ಎಷ್ಟು ಆಸ್ತಿ, ಎಷ್ಟು ಆದಾಯ ಅಂತ ಎಲ್ಲ ಬರ್ಕೊಂಡ್ರು, 1536ರಲ್ಲಿ ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯ ಇರೋ ಚಿಕ್ಕ ಮಠಗಳನ್ನ ಮುಚ್ಚೋ ಕಾನೂನು ಬಂತು, ಆಮೇಲೆ ದೊಡ್ಡವು ಒಂದೊಂದಾಗಿ ಶರಣಾದವು. 1540ಕ್ಕೆ ಎಲ್ಲ ಮುಗೀತು. ಸುಮಾರು 800 ಮಠಗಳು, ಹೆಚ್ಚುಕಮ್ಮಿ ನಾಲ್ಕೇ ವರ್ಷದಲ್ಲಿ.

ಮಠ ಕೈಗೆ ಬಂದ ತಕ್ಷಣ ಮೊದಲು ಕೈ ಹಾಕಿದ್ದು ಛಾವಣಿ ಮೇಲಿನ ಸೀಸಕ್ಕೆ. ಸೀಸಕ್ಕೆ ಒಳ್ಳೇ ಬೆಲೆ ಇತ್ತು. ಎಷ್ಟೋ ಕಡೆ ಸನ್ಯಾಸಿಗಳು ಕೂತು ಪ್ರಾರ್ಥನೆ ಮಾಡ್ತಿದ್ದ ಮರದ ಆಸನಗಳನ್ನೇ ಸೌದೆ ಮಾಡಿ, ಚರ್ಚ್ ಒಳಗೇ ಬೆಂಕಿ ಹಾಕಿ, ಆ ಸೀಸ ಕರಗಿಸಿ ಗಟ್ಟಿ ಮಾಡಿದ್ರು. ಛಾವಣಿ ಹೋದ ಮೇಲೆ ಮಳೆ ನೋಡ್ಕೊಳ್ತು, ಉಳಿದ ಕಲ್ಲನ್ನ ಸುತ್ತಮುತ್ತಲ ಜನ ಮನೆ, ಕೊಟ್ಟಿಗೆ, ಹೊಲದ ಗೋಡೆಗೆ ಎತ್ಕೊಂಡು ಹೋದ್ರು. ರೀವೋ ಅಬ್ಬೆಯ ಮ್ಯೂಸಿಯಂನಲ್ಲಿ ಅಂಥ ಒಂದು ಸೀಸದ ಗಟ್ಟಿ ಇದೆ, ರಾಜಮುದ್ರೆ ಒತ್ತಿರೋದು. ಬಿದ್ದ ಗೋಡೆಯ ಕಲ್ಲಿನ ರಾಶಿ ಅಡಿಯಲ್ಲಿ ಸಿಕ್ಕಿಹಾಕ್ಕೊಂಡು ಉಳಿದುಹೋಗಿತ್ತು, 20ನೇ ಶತಮಾನದಲ್ಲಿ ಅಗೆದಾಗ ಸಿಕ್ತು. ಅಬ್ಬೆಯೊಳಗೆ ಕಾಲಿಡೋ ಮುಂಚೆ ಆ ಗಟ್ಟಿ ಎದುರು ಎರಡು ನಿಮಿಷ ನಿಂತ್ಕೊಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಹೊರಗೆ ಕಾಣೋ ಆ ಬೋಳು ಗೋಡೆಗಳಿಗೆಲ್ಲ ಕಾರಣ ಅದೇ ಲೋಹ.

ಜನ ಸುಮ್ನೆ ನೋಡ್ತಾ ಇದ್ರಾ?

ಇಲ್ಲ, ಅದರಲ್ಲೂ ಉತ್ತರದ ಜನ ಸುಮ್ನಿರಲಿಲ್ಲ. 1536ರಲ್ಲಿ ಯಾರ್ಕ್‌ಶೈರ್ ಕಡೆ ಸಾವಿರಾರು ಜನ ದಂಗೆ ಎದ್ರು, ಪಿಲ್ಗ್ರಿಮೇಜ್ ಆಫ್ ಗ್ರೇಸ್ ಅಂತಾರೆ ಅದಕ್ಕೆ. ಹೆನ್ರಿ ಮೊದಲು ಮಾತುಕತೆ ಅಂತ ಹೇಳಿ ಜನರನ್ನ ವಾಪಸ್ ಕಳಿಸಿ ಆಮೇಲೆ ಮುಖಂಡರನ್ನ ಹಿಡಿದು ಕೊಂದ. ಜರ್ವೋ ಅಬ್ಬೆಯ ಮುಖ್ಯಸ್ಥ ಆಡಮ್ ಸೆಡ್ಬರ್‌ನ ಲಂಡನ್ ಟವರಲ್ಲಿ ಇಟ್ಟು 1537ರಲ್ಲಿ ಕೊಂದ್ರು. ಅಲ್ಲಿನ ಬೋಶಾಂಪ್ ಟವರ್ ಗೋಡೆ ಮೇಲೆ ಅವನು ಕೆತ್ತಿದ ತನ್ನ ಹೆಸರು ಈಗ್ಲೂ ಇದೆ. ಲಂಡನ್ ಟವರಿಗೆ ಹೋಗಿ ಕೊಹಿನೂರ್ ನೋಡೋ ಕ್ಯೂ ಅಲ್ಲಿ ನಿಲ್ಲೋ ನಮ್ಮೋರು ಬಹಳ ಜನ, ಆ ಗೋಡೇನೂ ಹಾಗೇ ನೋಡ್ಕೊಂಡು ಬನ್ನಿ, ಆಮೇಲೆ ಯಾರ್ಕ್‌ಶೈರಿಗೆ ಬಂದಾಗ ಜರ್ವೋಗೆ ಹೋಗಿ. ಈಗ ಅದು ಖಾಸಗಿಯವರ ಜಾಗ, ಗೇಟ್ ಹತ್ರ ಡಬ್ಬಿ ಇಟ್ಟಿರ್ತಾರೆ, ದುಡ್ಡು ನೀವೇ ಹಾಕಿ ಒಳಗೆ ಹೋಗೋದು. ದಯವಿಟ್ಟು ಹಾಕಿ. ಗೋಡೆ ಸಂದಿಯಲ್ಲೆಲ್ಲ ಕಾಡುಹೂವು ಬೆಳೆಯೋಕೆ ಬಿಟ್ಟಿದಾರೆ, ಜೂನಲ್ಲಿ ನೋಡೋಕೆ ಎರಡು ಕಣ್ಣು ಸಾಲಲ್ಲ.

ಹಂಪಿ ನೋಡಿರೋರಿಗೆ ಇಲ್ಲಿ ಹೊಸದೇನಿದೆ?

ಈ ಪ್ರಶ್ನೆ ಅಪ್ಪ ಅಮ್ಮಂದಿರಿಂದಲೇ ಜಾಸ್ತಿ ಬರೋದು, ನ್ಯಾಯವಾದ ಪ್ರಶ್ನೇನೇ. ರೀವೋ ಅಬ್ಬೆ ಮುಚ್ಚಿದ್ದು 1538, ವಿಜಯನಗರ ಹಾಳಾಗಿದ್ದು 1565ರ ಯುದ್ಧದ ನಂತರ, ಅಂದ್ರೆ ಒಂದೇ ತಲೆಮಾರಿನ ಮಾತು. ಆದ್ರೆ ಹಂಪಿ ಕೆಡವಿದ್ದು ಗೆದ್ದ ಶತ್ರು ಸೈನ್ಯ, ಇಲ್ಲಿ ಕೆಡವಿದ್ದು ಅದೇ ದೇಶದ ರಾಜ, ಅದೂ ಕಾನೂನು ಪಾಸ್ ಮಾಡಿ, ಸನ್ಯಾಸಿಗಳಿಗೆ ಪೆನ್ಶನ್ ಕೊಟ್ಟು. ಫೌಂಟನ್ಸ್ ಅಬ್ಬೆಯ ಕೊನೇ ಮುಖ್ಯಸ್ಥನಿಗೆ ವರ್ಷಕ್ಕೆ 100 ಪೌಂಡ್ ಪೆನ್ಶನ್ ಫಿಕ್ಸ್ ಆಗಿತ್ತು, ಆ ಕಾಲಕ್ಕೆ ದೊಡ್ಡ ಮೊತ್ತ. ಇನ್ನು ಶಿಲ್ಪ ಕೆತ್ತನೆ ಹುಡುಕ್ಕೊಂಡು ಬಂದ್ರೆ ನಿರಾಸೆ ಆಗತ್ತೆ. ರೀವೋ, ಫೌಂಟನ್ಸ್ ಎರಡೂ ಸಿಸ್ಟರ್ಶಿಯನ್ ಅನ್ನೋ ಕ್ರೈಸ್ತ ಸನ್ಯಾಸಿ ಪಂಥದ ಮಠ, ಅವರು ಅಲಂಕಾರವೇ ಬೇಡ ಅಂದೋರು. ಇಲ್ಲಿ ನೋಡ್ಬೇಕಾಗಿರೋದು ಅಳತೆ, ಎತ್ತರ, ಕಿಟಕಿ ಕಮಾನು, ಮತ್ತೆ ಆ ಕಣಿವೆಯೊಳಗೆ ಕಟ್ಟಡ ಕೂತಿರೋ ರೀತಿ.

ಕೋಟೆಗಳನ್ನೂ ಹೆನ್ರಿನೇ ಒಡೆಸಿದ್ದಾ?

ಅಲ್ಲ, ಅದು ಇನ್ನೂ ನೂರು ವರ್ಷ ಆದ ಮೇಲಿನ ಕಥೆ. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾಯ್ತು. ಅಷ್ಟೊತ್ತಿಗೆ ಕೋಟೆಗಳೆಲ್ಲ ಹಳೇ ಕಾಲದವು ಅನ್ನಿಸ್ಕೊಂಡಿದ್ವು, ಆದ್ರೂ ರಾಜನ ಕಡೆಯೋರು ಅದರೊಳಗೆ ಸೇರ್ಕೊಂಡು ತಿಂಗಳುಗಟ್ಲೆ ಹೋರಾಡಿದ್ರು. ಗೆದ್ದ ಪಾರ್ಲಿಮೆಂಟ್‌ನೋರು ಮತ್ತೆ ಯಾರೂ ಬಂದು ಸೇರ್ಕೋಬಾರ್ದು ಅಂತ ಮದ್ದಿಟ್ಟು ಆಯಕಟ್ಟಿನ ಗೋಡೆಗಳನ್ನ ಮಾತ್ರ ಉಡಾಯಿಸಿದ್ರು. ಹಾಗಾಗಿ ಕೋಟೆಯ ಒಂದು ಮಗ್ಗಲು ಪೂರ್ತಿ ನಿಂತಿದ್ದು ಇನ್ನೊಂದು ಮಗ್ಗಲು ನಿರ್ನಾಮ ಆಗಿದ್ರೆ ಅದು ಬಹುತೇಕ 1640ರ ದಶಕದ ಮದ್ದಿನ ಕೆಲಸ. ಹೆಲ್ಮ್ಸ್‌ಲಿ ಕೋಟೆ ನೋಡಿ, 1644ರಲ್ಲಿ ಸರ್ ಥಾಮಸ್ ಫೇರ್‌ಫ್ಯಾಕ್ಸ್ ಮುತ್ತಿಗೆ ಹಾಕಿದ, ಅವನ ಭುಜಕ್ಕೇ ಗುಂಡು ಬಿತ್ತು, ಒಳಗಿದ್ದೋರು ಊಟ ಇಲ್ದೆ ನವೆಂಬರಲ್ಲಿ ಶರಣಾದ್ರು. ಆಮೇಲೆ ಅಲ್ಲಿನ ದೊಡ್ಡ ಈಸ್ಟ್ ಟವರನ್ನ ಅರ್ಧಕ್ಕೆ ಸೀಳಿಬಿಟ್ರು. ಕೆನಿಲ್ವರ್ತ್, ಕಾರ್ಫ್, ಪಾಂಟಿಫ್ರಾಕ್ಟ್ ಕೋಟೆಗಳನ್ನ ಕೆಡವಿಸಿದ್ದೂ ಪಾರ್ಲಿಮೆಂಟ್‌ನೋರೇ.

ಮೊದಲ ಸಲ ಹೋಗ್ತಿದೀವಿ, ಎರಡೇ ದಿನ ಇದೆ. ಏನೇನು ನೋಡೋದು?

ಯಾರ್ಕ್‌ನಲ್ಲಿ ರೂಮ್ ಮಾಡಿ. ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ಟ್ರೈನಲ್ಲಿ ಸುಮಾರು ಎರಡು ಗಂಟೆ. ಒಂದು ದಿನ ಹೆಲ್ಮ್ಸ್‌ಲಿ ಕಡೆ, ಇನ್ನೊಂದು ದಿನ ಪೂರ್ತಿ ಫೌಂಟನ್ಸ್‌ಗೆ. ದಿನಕ್ಕೆ ನಾಕೈದು ಜಾಗ ಅಂತ ಲಿಸ್ಟ್ ಮಾಡ್ಕೊಂಡು ಬರೋರನ್ನ ನೋಡಿದ್ರೆ ನಂಗೆ ಬೇಜಾರಾಗತ್ತೆ, ಕಾರ್ ಪಾರ್ಕಿಂದ ಇಳಿದು ಫೋಟೋ ತೆಗೆದು ಮತ್ತೆ ಕಾರ್ ಹತ್ತೋದ್ರಲ್ಲಿ ಎಲ್ಲ ಗೋಡೇನೂ ಒಂದೇ ಥರ ಕಾಣತ್ತೆ, ಆಮೇಲೆ ಮನೆಗೆ ಹೋಗಿ ಎಲ್ಲ ಒಂದೇ ಅಂತ ಹೇಳ್ತಾರೆ.

ಹೆಲ್ಮ್ಸ್‌ಲಿ ದಿನ ಯಾಕೆ ಚೆನ್ನಾಗಿರತ್ತೆ ಅಂದ್ರೆ ಅಲ್ಲಿ ಕೋಟೆ, ಅಬ್ಬೆ ಎರಡಕ್ಕೂ ಮೂಲ ಒಬ್ಬನೇ ಮನುಷ್ಯ, ವಾಲ್ಟರ್ ಎಸ್ಪೆಕ್. ಹೆಲ್ಮ್ಸ್‌ಲಿಯ ಪ್ರಭು ಅವನು, 1132ರಲ್ಲಿ ಅಲ್ಲೇ ಪಕ್ಕದ ರೈ ನದಿ ಕಣಿವೆಯಲ್ಲಿ ಜಾಗ ಕೊಟ್ಟು ರೀವೋ ಅಬ್ಬೆ ಶುರು ಮಾಡಿಸಿದ. ನಾಲ್ಕು ಶತಮಾನ ಆದ ಮೇಲೆ ಅಬ್ಬೆ ಮುಚ್ಚಿದಾಗ ಅದು ಹೋಗಿದ್ದೂ ಹೆಲ್ಮ್ಸ್‌ಲಿ ಕೋಟೆಯ ಆಗಿನ ಒಡೆಯ ರಟ್ಲಂಡ್ ಅರ್ಲ್ ಕೈಗೇ. ಕೊಟ್ಟ ಮನೆತನದ ಆಸ್ತಿ ಸುತ್ತಿ ಬಳಸಿ ಅದೇ ಕೋಟೆಗೆ ವಾಪಸ್ ಬಂತು. ನಡೆಯೋ ಅಭ್ಯಾಸ ಇದ್ರೆ ಕೋಟೆಯಿಂದ ಅಬ್ಬೆಗೆ ಕ್ಲೀವ್‌ಲ್ಯಾಂಡ್ ವೇ ಕಾಲುದಾರೀಲಿ ಮೂರು ಮೂರೂವರೆ ಮೈಲಿ, ಕಾಡು ಹೊಲ ದಾಟ್ಕೊಂಡು ಹೋಗೋದು. ಕಣಿವೆ ಒಳಗೆ ಇಳೀತಾ ಇದ್ದ ಹಾಗೆ ಮರಗಳ ಮಧ್ಯೆ ಅಬ್ಬೆ ಕಾಣಿಸ್ಕೊಳ್ಳತ್ತೆ, ಕಾರಲ್ಲಿ ಬಂದೋರಿಗೆ ಅದು ಸಿಗಲ್ಲ.

ಟೈಮ್ ಇದ್ರೆ ಅದೇ ದಿನ ಬೈಲಂಡ್ ಅಬ್ಬೆ ಸೇರಿಸ್ಕೊಳಿ. ಆ ಸನ್ಯಾಸಿಗಳು ಮೊದಲು ರೀವೋಗೆ ತೀರಾ ಹತ್ರ, ನದಿ ಆಚೆ ದಡದಲ್ಲಿ ಇದ್ರು. ಎರಡೂ ಮಠದ ಪ್ರಾರ್ಥನೆ ಗಂಟೆ ಒಬ್ಬರದ್ದು ಇನ್ನೊಬ್ಬರಿಗೆ ಕೇಳಿಸಿ ಹೊತ್ತುಗೊತ್ತಿಲ್ಲದೆ ಗೊಂದಲ ಆಗ್ತಿತ್ತು, ಕೊನೆಗೆ ಇವರೇ ಜಾಗ ಬಿಟ್ಟು 1177ರ ಹೊತ್ತಿಗೆ ಈಗಿರೋ ಜಾಗಕ್ಕೆ ಬಂದ್ರು. ಅಲ್ಲಿನ ಪಶ್ಚಿಮ ಗೋಡೇಲಿ ಸುಮಾರು 8 ಮೀಟರ್ ಅಗಲದ ದುಂಡು ಕಿಟಕಿ ಇತ್ತು, ಈಗ ಕೆಳಗಿನ ಅರ್ಧ ಮಾತ್ರ ಉಳಿದಿದೆ. ನೆಲದಲ್ಲಿ ಹಸಿರು ಹಳದಿ ಟೈಲ್ಸ್ ಇನ್ನೂ ಇವೆ, ಬಾಗಿ ನೋಡಿ.

ಫೌಂಟನ್ಸ್‌ಗೆ ಒಂದು ಪೂರ್ತಿ ದಿನ ಬೇಕಾ?

ಬೇಕು. ಯಾರ್ಕ್‌ನ ಸೇಂಟ್ ಮೇರಿಸ್ ಅಬ್ಬೆಯಲ್ಲಿ ಶಿಸ್ತು ಸಾಲದು ಅಂತ ಜಗಳ ಮಾಡ್ಕೊಂಡು ಹೊರಟ 13 ಜನ ಸನ್ಯಾಸಿಗಳಿಗೆ 1132ರ ಡಿಸೆಂಬರಲ್ಲಿ ಯಾರ್ಕ್‌ನ ಆರ್ಚ್‌ಬಿಷಪ್ ಥರ್ಸ್ಟನ್ ಸ್ಕೆಲ್ ಹೊಳೆ ದಂಡೇಲಿ ಒಂದು ಮುಳ್ಳುಕಾಡು ಕೊಟ್ಟ, ಆ ಚಳಿಗಾಲವನ್ನ ಅವರು ಮರದಡಿ ಕಳೆದ್ರು ಅಂತ ಮಠದ ವೃತ್ತಾಂತ ಹೇಳತ್ತೆ. ಅಲ್ಲಿಂದ ಶುರುವಾಗಿ ಕುರಿ ಸಾಕಿ ಉಣ್ಣೆ ಮಾರಿ ಇಡೀ ಇಂಗ್ಲೆಂಡಲ್ಲೇ ಶ್ರೀಮಂತ ಸಿಸ್ಟರ್ಶಿಯನ್ ಮಠ ಆಯ್ತು, ಇಟಲಿಯ ವ್ಯಾಪಾರಿಗಳು ಬಂದು ಮುಂದಿನ ವರ್ಷಗಳ ಉಣ್ಣೆಗೂ ಈಗ್ಲೇ ಮುಂಗಡ ಕೊಟ್ಟು ಹೋಗೋರು. ಬಡತನ ಬೇಕು ಅಂತ ಮನೆ ಬಿಟ್ಟೋರ ಮಠ ಹೀಗಾಯ್ತು. 1539ರ ನವೆಂಬರಲ್ಲಿ ಅದನ್ನೂ ಮುಚ್ಚಿದ್ರು.

ಅಲ್ಲಿ ಹೋದ್ಮೇಲೆ ಮೊದಲು ಸೆಲೇರಿಯಂಗೆ ಹೋಗಿ. ಸುಮಾರು 90 ಮೀಟರ್ ಉದ್ದದ ಕಮಾನು ಹಜಾರ, ಮಧ್ಯದಲ್ಲಿ ಒಂದೇ ಸಾಲು ಕಂಬ, ಪ್ರತಿ ಕಂಬದಿಂದ ಪಕ್ಕೆಲುಬಿನ ಥರ ಕಲ್ಲಿನ ಪಟ್ಟಿಗಳು ಎದ್ದು ಮೇಲೆ ಹೋಗಿ ಮತ್ತೆ ಇನ್ನೊಂದು ಕಂಬಕ್ಕೆ ಇಳಿಯತ್ತೆ. ಇಡೀ ಅಬ್ಬೆಯಲ್ಲಿ ಛಾವಣಿ ಉಳಿದಿರೋದು ಇಂಥ ಕೆಲವೇ ಕಡೆ. ಮಠಕ್ಕೆ ಸೇರಿದ ಹೊಲ, ಕುರಿ, ಗಾರೆ ಕೆಲಸ ಎಲ್ಲ ಮಾಡ್ತಿದ್ದ, ಹೆಚ್ಚಿನಂಶ ಓದು ಬರಹ ಬಾರದ ಲೇ ಬ್ರದರ್‌ಗಳು ಊಟ ಮಾಡ್ತಿದ್ದ ಜಾಗ, ದಾಸ್ತಾನು ಇಡ್ತಿದ್ದ ಜಾಗ ಇದೇ, ಮೇಲಿನ ಮಹಡಿ ಅವರ ಮಲಗೋ ಕೋಣೆ. ಒಂದು ತುದೀಲಿ ನಿಂತು ಇನ್ನೊಂದು ತುದಿ ನೋಡಿದ್ರೆ ಎಷ್ಟು ಜನ ಇದ್ರು, ಎಷ್ಟು ಕೆಲಸ ನಡೀತಿತ್ತು ಅಂತ ಹೇಳಿಕೊಡೋ ಅವಶ್ಯಕತೆನೇ ಇಲ್ಲ.

ಉತ್ತರಕ್ಕಿರೋ ಎತ್ತರದ ಗೋಪುರ ಹ್ಯೂಬಿ ಟವರ್, 1495ರಿಂದ 1526ರ ವರೆಗೆ ಮುಖ್ಯಸ್ಥನಾಗಿದ್ದ ಮಾರ್ಮಡ್ಯೂಕ್ ಹ್ಯೂಬಿ ಕಟ್ಟಿಸಿದ್ದು. ಅದು ಎದ್ದು ಸ್ವಲ್ಪೇ ವರ್ಷಕ್ಕೆ ಮಠಾನೇ ಇರಲ್ಲ ಅಂತ ಆಗ ಯಾರಿಗೂ ಅನ್ಸಿರಲ್ಲ, ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಒಳಗೆ ಏನೋ ಆಗತ್ತೆ. ಪಕ್ಕದಲ್ಲೇ 18ನೇ ಶತಮಾನದ ಸ್ಟಡ್ಲಿ ರಾಯಲ್ ನೀರಿನ ತೋಟ, ಜಾನ್ ಏಸ್ಲಬಿ ಮಾಡಿಸಿದ್ದು, ಎರಡೂ ಸೇರಿ 1986ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ತೋಟ ದಾಟಿದ್ರೆ ಜಿಂಕೆ ಪಾರ್ಕ್.

ಅಬ್ಬೆ ಒಳಗೆ ಬರೀ ಗೋಡೆ ಕಾಣತ್ತೆ. ಏನು ಎಲ್ಲಿತ್ತು ಅಂತ ಹೇಗೆ ಗೊತ್ತಾಗೋದು?

ಒಂದು ಅಬ್ಬೆಯ ಪ್ಲಾನ್ ಕಲಿತ್ರೆ ಹೆಚ್ಚುಕಮ್ಮಿ ಎಲ್ಲ ಅಬ್ಬೆಗಳೂ ಅರ್ಥ ಆಗತ್ತೆ, ಯಾಕಂದ್ರೆ ಒಂದೇ ನಕ್ಷೆ. ಮೊದಲು ಚರ್ಚ್ ಹುಡುಕಿ, ಅದು ಎಲ್ಲಕ್ಕಿಂತ ಉದ್ದ, ಪೂರ್ವ ಪಶ್ಚಿಮವಾಗಿ ಮಲಗಿರತ್ತೆ (ರೀವೋದಲ್ಲಿ ಮಾತ್ರ ಕಣಿವೆ ಇಳಿಜಾರಿಗೋಸ್ಕರ ಉತ್ತರ ದಕ್ಷಿಣಕ್ಕೆ ತಿರುಗಿಸಿದಾರೆ). ಚರ್ಚಿನ ಪಕ್ಕದಲ್ಲಿ, ಸಾಮಾನ್ಯವಾಗಿ ದಕ್ಷಿಣಕ್ಕೆ, ಚೌಕಾಕಾರದ ಹುಲ್ಲು ಅಂಗಳ ಸಿಗತ್ತೆ, ಅದೇ ಕ್ಲಾಯ್ಸ್ಟರ್. ಅದರ ಸುತ್ತ ಛಾವಣಿ ಇರೋ ಜಗಲಿ ಇತ್ತು, ಸನ್ಯಾಸಿಗಳು ಅಲ್ಲೇ ಕೂತು ಓದೋದು, ಓಡಾಡೋದು. ಅಂಗಳದ ಪೂರ್ವ ಬದಿಗೆ ಚಾಪ್ಟರ್ ಹೌಸ್, ದಿನಾ ಬೆಳಿಗ್ಗೆ ಸಂತ ಬೆನೆಡಿಕ್ಟನ ನಿಯಮದ ಒಂದು ಅಧ್ಯಾಯ ಓದಿ, ತಪ್ಪು ಮಾಡಿದೋರು ಎಲ್ಲರೆದುರು ಒಪ್ಕೊಂಡು, ಮಠದ ವ್ಯವಹಾರ ಮಾತಾಡ್ತಿದ್ದ ಕೋಣೆ. ಅದರ ಮೇಲಿನ ಮಹಡೀಲಿ ಮಲಗೋದು, ಅಲ್ಲಿಂದ ನೇರ ಚರ್ಚಿಗೆ ಇಳಿಯೋ ಮೆಟ್ಟಿಲು, ರಾತ್ರಿ ನಡುವೆ ಎದ್ದು ಪ್ರಾರ್ಥನೆಗೆ ಹೋಗ್ಬೇಕಿತ್ತಲ್ಲ ಅದಕ್ಕೆ. ಚರ್ಚಿನ ಎದುರು ಬದಿಗೆ ಊಟದ ಹಾಲ್, ಅದರ ಬಾಗಿಲ ಹತ್ರ ಕೈ ತೊಳೆಯೋ ಕಲ್ಲಿನ ತೊಟ್ಟಿಯ ಗುರುತು.

ಆಮೇಲೆ ಬೆಂಕಿ ಗೂಡು ಹುಡುಕಿ. ಅಡಿಗೆಮನೆ, ಕಾಯಿಲೆಯೋರ ಕೋಣೆ ಬಿಟ್ರೆ ಸಾಮಾನ್ಯ ಸನ್ಯಾಸಿಗೆ ಮೈ ಕಾಯಿಸ್ಕೊಳ್ಳೋಕೆ ಇದ್ದಿದ್ದು ಒಂದೇ ಕೋಣೆ, ವಾರ್ಮಿಂಗ್ ಹೌಸ್. ಫೌಂಟನ್ಸ್‌ನಲ್ಲಿ ಆ ಒಲೆ ಇನ್ನೂ ಇದೆ, ಒಬ್ಬ ಮನುಷ್ಯ ಆರಾಮಾಗಿ ಒಳಗೆ ನಿಂತ್ಕೋಬೋದು ಅಷ್ಟು ದೊಡ್ಡದು. ಯಾರ್ಕ್‌ಶೈರಿನ ಜನವರಿ ಚಳಿ ಗೊತ್ತಿರೋರಿಗೆ ಆ ಕೋಣೆ ಬೆಲೆ ಅರ್ಥ ಆಗತ್ತೆ.

ಇದೇ ಥರ ಕೋಟೆ ಗೋಡೇನೂ ಓದ್ಬೋದಾ?

ಖಂಡಿತ. ಗೋಡೆ ಮಧ್ಯೆ, ನೆಲಕ್ಕಿಂತ ಎಷ್ಟೋ ಎತ್ತರದಲ್ಲಿ ಒಲೆ ಅಥವಾ ಬಾಗಿಲು ನೇತಾಡ್ತಾ ಇದ್ರೆ ಅಲ್ಲೊಂದು ಮರದ ಮಹಡಿ ಇತ್ತು ಅಂತ ಅರ್ಥ, ಅದೇ ಮಟ್ಟದಲ್ಲಿ ಸಾಲಾಗಿ ತೊಲೆ ಕೂರಿಸಿದ ತೂತುಗಳು ಕಾಣತ್ತೆ. ಗೋಡೆ ಮೈಮೇಲೆ ಅಲ್ಲಲ್ಲಿ ಚಿಕ್ಕ ಚೌಕ ತೂತುಗಳಿದ್ರೆ ಅವು ಕಟ್ಟೋವಾಗ ಸಾರುವೆ ಮರ ಚುಚ್ಚಿದ ಜಾಗ. ಹೊರಗೋಡೆಯಿಂದ ಕಂದಕದ ಕಡೆ ಕೆಳಗೆ ಬಾಯಿ ತೆರೆದಿರೋ ಗೂಡು ಪಾಯಿಖಾನೆ. ಸುತ್ತು ಮೆಟ್ಟಿಲು ಬಲಕ್ಕೆ ತಿರುಗೋದು ಕತ್ತಿ ಹಿಡಿದ ಶತ್ರುಗೆ ಅಡ್ಡಿ ಆಗ್ಲಿ ಅಂತ, ಅನ್ನೋ ಮಾತನ್ನ ಪ್ರತಿ ಕೋಟೇಲೂ ಯಾರಾದ್ರೂ ಹೇಳ್ತಾರೆ, ಇತಿಹಾಸಕಾರರು ಈಗ ಅದನ್ನ ಅಷ್ಟಾಗಿ ಒಪ್ಪಲ್ಲ, ಎಡಕ್ಕೆ ತಿರುಗೋವೂ ಸಾಕಷ್ಟಿವೆ.

ಹೆಲ್ಮ್ಸ್‌ಲಿಯಲ್ಲಿ ಗೋಡೆಗಿಂತ ಮೊದಲು ಕಂದಕ ನೋಡಿ, ಬಂಡೆ ಕಡಿದು ಮಾಡಿರೋ ಎರಡು ಸುತ್ತಿನ ಆಳ ಕಂದಕ. ರಿಚ್ಮಂಡ್ ಕೋಟೆಗೆ ಹೋದ್ರೆ 30 ಮೀಟರ್ ಎತ್ತರದ ಕೀಪ್ (ಕೋಟೆಯ ಮುಖ್ಯ ಗೋಪುರ) ಹತ್ತಿ, ಇಡೀ ಊರು, ಸ್ವೇಲ್ ನದಿ ಎಲ್ಲ ಕಾಣತ್ತೆ. ಅಲ್ಲಿ ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, 1916ರಲ್ಲಿ ಯುದ್ಧಕ್ಕೆ ಹೋಗಲ್ಲ ಅಂದ 16 ಜನರನ್ನ ಅಲ್ಲಿ ಇಟ್ಟಿದ್ರು, ಆ ಜೈಲುಕೋಣೆಗಳ ಗೋಡೆ ಮೇಲೆ ಪೆನ್ಸಿಲ್ ಬರಹ, ಚಿತ್ರಗಳಿವೆ. ಮಿಡಲ್‌ಹ್ಯಾಮ್ ಕೋಟೆ ಮೂರನೇ ರಿಚರ್ಡ್ ಹುಡುಗನಾಗಿದ್ದಾಗ ಬೆಳೆದ ಜಾಗ.

ಟಿಕೆಟ್ ಹೇಗೆ? ಮೆಂಬರ್‌ಶಿಪ್ ತಗೋಬೇಕಾ?

ಎರಡು ಬೇರೆ ಬೇರೆ ಸಂಸ್ಥೆ, ಇಂಗ್ಲಿಷ್ ಹೆರಿಟೇಜ್ ಒಂದು, ನ್ಯಾಷನಲ್ ಟ್ರಸ್ಟ್ ಇನ್ನೊಂದು, ಜನ ಎರಡನ್ನೂ ಒಂದೇ ಅನ್ಕೊಂಡು ಗೇಟಲ್ಲಿ ಗೊಂದಲ ಮಾಡ್ಕೊಳ್ತಾರೆ. ಪಾಳು ಕೋಟೆ, ಅಬ್ಬೆ ಬಹುಪಾಲು ಇಂಗ್ಲಿಷ್ ಹೆರಿಟೇಜ್ ಹತ್ರ: ರೀವೋ, ಹೆಲ್ಮ್ಸ್‌ಲಿ, ವಿಟ್ಬಿ ಅಬ್ಬೆ, ರಿಚ್ಮಂಡ್, ಮಿಡಲ್‌ಹ್ಯಾಮ್. ಫೌಂಟನ್ಸ್ ನ್ಯಾಷನಲ್ ಟ್ರಸ್ಟಿಂದು, ಆದ್ರೆ ಇಂಗ್ಲಿಷ್ ಹೆರಿಟೇಜ್ ಮೆಂಬರ್‌ಗೂ ಒಳಗೆ ಬಿಡ್ತಾರೆ. ರೀವೋ ಮೇಲಿನ ಗುಡ್ಡದ ರೀವೋ ಟೆರೇಸ್ ಮಾತ್ರ ನ್ಯಾಷನಲ್ ಟ್ರಸ್ಟ್, ಅದಕ್ಕೆ ಬೇರೆ ಟಿಕೆಟ್. ಇಲ್ಲೇ ಇರೋರು ಬೇಸಿಗೇಲಿ ಮೂರ್ನಾಲ್ಕು ಜಾಗ ನೋಡೋದಾದ್ರೆ ಇಂಗ್ಲಿಷ್ ಹೆರಿಟೇಜ್ ವರ್ಷದ ಮೆಂಬರ್‌ಶಿಪ್ ತಗೊಳಿ, ಒಬ್ಬ ದೊಡ್ಡವರ ಜೊತೆ ಆರು ಮಕ್ಕಳ ತನಕ ಫ್ರೀ. ಊರಿಂದ ಬಂದ ಅಪ್ಪ ಅಮ್ಮನಿಗೆ 9 ದಿನ, 16 ದಿನದ ವಿಸಿಟರ್ ಪಾಸ್ ಸಿಗತ್ತೆ. ರೇಟ್ ವರ್ಷವರ್ಷ ಬದಲಾಗತ್ತೆ, ವೆಬ್‌ಸೈಟಲ್ಲಿ ನೋಡಿ, ಆನ್‌ಲೈನಲ್ಲಿ ಮೊದಲೇ ಬುಕ್ ಮಾಡಿದ್ರೆ ಸ್ವಲ್ಪ ಕಮ್ಮಿ ಬೀಳತ್ತೆ.

ಫ್ರೀಯಾಗಿ ನೋಡೋವು ಇದ್ಯಾ?

ತುಂಬಾ. ಇಂಗ್ಲಿಷ್ ಹೆರಿಟೇಜ್ ನೋಡ್ಕೊಳ್ಳೋ 400ಕ್ಕೂ ಹೆಚ್ಚು ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ರೀ. ಅದರಲ್ಲಿ ನಂಗೆ ತುಂಬಾ ಇಷ್ಟ ಈಸ್ಬಿ ಅಬ್ಬೆ. ರಿಚ್ಮಂಡ್ ಕೋಟೆ ನೋಡಿ ಸ್ವೇಲ್ ನದಿ ಪಕ್ಕ ಒಂದು ಮೈಲಿ ನಡೆದ್ರೆ ಸಿಗತ್ತೆ, ಟಿಕೆಟ್ ಕೌಂಟರ್ ಇಲ್ಲ, ಅಂಗಡಿ ಇಲ್ಲ. ಅಲ್ಲೇ ಇರೋ ಸೇಂಟ್ ಅಗಾಥಾ ಚರ್ಚಲ್ಲಿ 13ನೇ ಶತಮಾನದ ಗೋಡೆ ಚಿತ್ರಗಳಿವೆ, ಬಿತ್ತನೆ ಮಾಡೋ ರೈತ ಎಲ್ಲ ಇದಾನೆ, ತಪ್ಪಿಸ್ಕೋಬೇಡಿ.

ಚಪ್ಪಲಿ ಬಿಡ್ಬೇಕಾ? ಬೇರೆ ಧರ್ಮದೋರು ಹೋಗ್ಬೋದಾ?

ಚಪ್ಪಲಿ ಬಿಡೋದು ಬೇಡ, ಯಾರು ಬೇಕಾದ್ರೂ ಹೋಗ್ಬೋದು. ಪಾಳು ಅಬ್ಬೆಗಳಲ್ಲಿ ಈಗ ದಿನದ ಪೂಜೆ ಇಲ್ಲ. ಆದ್ರೆ ಈಸ್ಬಿಯ ಚರ್ಚ್, ಬೋಲ್ಟನ್ ಅಬ್ಬೆಯ ಮುಂಭಾಗ ಇವತ್ತಿಗೂ ಊರಿನೋರ ಚರ್ಚು. ಪ್ರಾರ್ಥನೆ ನಡೀತಿದ್ರೆ ಹೊರಗೆ ಕಾದು ಆಮೇಲೆ ಹೋಗಿ, ಸಮಾಧಿ ಕಲ್ಲುಗಳ ಮೇಲೆ ಮಕ್ಕಳನ್ನ ಹತ್ತಿಸಿ ಫೋಟೋ ತೆಗೀಬೇಡಿ.

ಕಾರ್ ಇಲ್ಲ, ಆಗತ್ತಾ?

ಆಗತ್ತೆ, ಆದ್ರೆ ಜಾಗ ಆರಿಸ್ಕೋಬೇಕು. ಎಲ್ಲಕ್ಕಿಂತ ಸುಲಭ ಲೀಡ್ಸ್‌ನ ಕರ್ಕ್‌ಸ್ಟಾಲ್ ಅಬ್ಬೆ, ಸಿಟಿ ಬಸ್ಸಲ್ಲೇ ಹೋಗ್ಬೋದು. 1152ರಲ್ಲಿ ಫೌಂಟನ್ಸ್ ಕಡೆಯ ಸನ್ಯಾಸಿಗಳೇ ಬಂದು ಕಟ್ಟಿದ್ದು, ಗೋಡೆಗಳು ಬಹುತೇಕ ಛಾವಣಿ ಮಟ್ಟದ ತನಕ ನಿಂತಿವೆ. ಫೌಂಟನ್ಸ್‌ಗೆ ಲೀಡ್ಸ್ ಅಥವಾ ಹ್ಯಾರೊಗೇಟಿಂದ 36 ನಂಬರ್ ಬಸ್ ಹಿಡಿದು ರಿಪನ್ ತನಕ ಬನ್ನಿ, ಅಲ್ಲಿಂದ ಲೋಕಲ್ ಬಸ್ ಇಲ್ಲ ಟ್ಯಾಕ್ಸಿ, ಮೂರ್ನಾಲ್ಕು ಮೈಲಿ ಅಷ್ಟೇ. ವಿಟ್ಬಿಗೆ ಟ್ರೈನ್ ಇದೆ. ಹೆಲ್ಮ್ಸ್‌ಲಿಗೆ ಟ್ರೈನ್ ಇಲ್ಲ, ಬಸ್ ಕಮ್ಮಿ, ಭಾನುವಾರ ಇನ್ನೂ ಕಮ್ಮಿ, ವಾಪಸ್ ಬರೋ ಕೊನೇ ಬಸ್ಸಿನ ಟೈಮ್ ಮೊದಲು ನೋಡ್ಕೊಂಡು ಆಮೇಲೆ ಹೊರಡಿ.

ಇಂಡಿಯನ್ ಲೈಸೆನ್ಸಲ್ಲಿ ಕಾರ್ ಓಡಿಸ್ಬೋದಾ? ರೋಡ್ ಹೇಗಿರತ್ತೆ?

ಬಂದ 12 ತಿಂಗಳ ತನಕ ಓಡಿಸ್ಬೋದು. ಇಲ್ಲೂ ಎಡಕ್ಕೇ ಹೋಗೋದ್ರಿಂದ ಅಷ್ಟು ಕಷ್ಟ ಇಲ್ಲ, ಆದ್ರೆ ಹಳ್ಳಿ ರೋಡ್ ತುಂಬಾ ಕಿರಿದು, ಎರಡೂ ಕಡೆ ಆಳೆತ್ತರ ಬೇಲಿ, ತಿರುವಿನಾಚೆ ಟ್ರ್ಯಾಕ್ಟರ್ ಬರ್ತಿರತ್ತೆ. ಒಂದೇ ಗಾಡಿ ಹಿಡಿಸೋ ಕಡೆ ಅಲ್ಲಲ್ಲಿ ಅಗಲ ಮಾಡಿರ್ತಾರೆ, ಅದರ ಹತ್ರ ಇರೋರು ನಿಂತು ದಾರಿ ಬಿಡೋದು, ದಾಟೋವಾಗ ಕೈ ಎತ್ತಿ ಥ್ಯಾಂಕ್ಸ್ ಹೇಳೋದು ಇಲ್ಲಿನ ಪದ್ಧತಿ. ಥರ್ಸ್ಕಿಂದ ಹೆಲ್ಮ್ಸ್‌ಲಿಗೆ ಹೋಗೋ ಎ170 ರೋಡಲ್ಲಿ ಸಟನ್ ಬ್ಯಾಂಕ್ ಅಂತ ಘಾಟಿ ಬರತ್ತೆ, ಕಡಿದಾದ ಏರು ಅಂದ್ರೆ ನಾಕಕ್ಕೆ ಒಂದು, ಕ್ಯಾರವಾನ್‌ಗೆ ನಿಷೇಧ ಮಾಡಿದಾರೆ. ಲೋ ಗೇರಲ್ಲಿ ನಿಧಾನ ಹತ್ತಿ, ಮೇಲೆ ನಿಲ್ಲಿಸಿ ನೋಡಿ, ಇಡೀ ಯಾರ್ಕ್ ಬಯಲು ಕಾಲಡಿ. ಕಣಿವೆಗಳಲ್ಲಿ ಫೋನ್ ಸಿಗ್ನಲ್ ಹೋಗತ್ತೆ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಕೊಳಿ.

ಅಮ್ಮನಿಗೆ ಮಂಡಿ ನೋವು, ಎಲ್ಲಿ ಕರ್ಕೊಂಡು ಹೋಗ್ಲಿ?

ಕರ್ಕ್‌ಸ್ಟಾಲ್ ಸಮತಟ್ಟು. ರೀವೋದಲ್ಲೂ ಕಾರ್ ಪಾರ್ಕ್ ಹತ್ರ ಇದೆ, ಹುಲ್ಲಿನ ಮೇಲೆ ನಿಧಾನ ಓಡಾಡ್ಬೋದು. ಫೌಂಟನ್ಸ್‌ನಲ್ಲಿ ವಿಸಿಟರ್ ಸೆಂಟರಿಂದ ಅಬ್ಬೆಗೆ ಇಳಿಜಾರು ಜಾಸ್ತಿ, ವೆಸ್ಟ್ ಗೇಟ್ ಕಡೆಯಿಂದ ಹೋದ್ರೆ ಹತ್ರ, ಮೊಬಿಲಿಟಿ ಸ್ಕೂಟರ್ ಬೇಕಾದ್ರೆ ಮೊದಲೇ ಫೋನ್ ಮಾಡಿ ಕೇಳಿ. ವಿಟ್ಬಿಗೆ ಊರಿಂದ 199 ಮೆಟ್ಟಿಲು, ಆದ್ರೆ ಅಬ್ಬೆ ಪಕ್ಕದಲ್ಲೇ ಮೇಲೊಂದು ಕಾರ್ ಪಾರ್ಕ್ ಇರೋದ್ರಿಂದ ಅಮ್ಮನ್ನ ಅಲ್ಲಿ ಇಳಿಸಿ. ಕೋಟೆಗಳ ಕೀಪ್ ಮಾತ್ರ ಬೇಡ, ಮೆಟ್ಟಿಲು ಸವೆದಿರತ್ತೆ, ಕಿರಿದು, ಮಳೆ ಬಂದ್ರೆ ಜಾರತ್ತೆ.

ಮಕ್ಕಳಿಗೆ ಬೋರ್ ಆಗಲ್ವಾ?

ಕೋಟೇಲಿ ಆಗಲ್ಲ. ಅಬ್ಬೆಗಳಲ್ಲಿ ಮಕ್ಕಳಿಗೆ ಅಂತ ಆರಿಸೋದಾದ್ರೆ ಮೌಂಟ್ ಗ್ರೇಸ್ ಪ್ರಯರಿ (ಪ್ರಯರಿ ಅಂದ್ರೂ ಮಠಾನೇ). ಅಲ್ಲಿದ್ದ ಕಾರ್ಥೂಸಿಯನ್ ಪಂಥದ ಸನ್ಯಾಸಿಗಳು ಒಬ್ಬೊಬ್ಬರೇ ಒಂದೊಂದು ಮನೇಲಿ ಇದ್ರು, ಎರಡು ಮಹಡಿ, ಹಿಂದೆ ಪುಟ್ಟ ತೋಟ, ಹರಿಯೋ ನೀರು ಕೂಡ. ಒಂದು ಮನೇನ ಸಾಮಾನು ಸಮೇತ ಮತ್ತೆ ಕಟ್ಟಿ ಇಟ್ಟಿದಾರೆ. ಬಾಗಿಲ ಪಕ್ಕ ಗೋಡೇಲಿ ಊಟ ಇಡೋ ಗೂಡು ಇದೆ, ಅದು ನೇರ ಇಲ್ಲ, ಒಳಗೆ ಮೊಣಕೈ ಥರ ತಿರುಗಿದೆ, ಊಟ ತಂದೋನ ಮುಖ ಒಳಗಿರೋನಿಗೆ ಕಾಣ್ಬಾರ್ದು ಅಂತ. ಮಗು ಕೈಲಿ ಒಂದು ಬಿಸ್ಕತ್ತು ಕೊಟ್ಟು ಒಂದು ಕಡೆ ಇಡಿಸಿ, ನೀವು ಇನ್ನೊಂದು ಕಡೆಯಿಂದ ತಗೊಳಿ, ಒಂಟಿಯಾಗಿರೋದು ಅಂದ್ರೇನು ಅಂತ ಅದಕ್ಕೆ ಅಲ್ಲೇ ಗೊತ್ತಾಗತ್ತೆ.

ಊಟ?

ದೊಡ್ಡ ಜಾಗಗಳಲ್ಲಿ ಕೆಫೆ ಇರತ್ತೆ, ಜಾಕೆಟ್ ಪೊಟೇಟೊ, ಚೀಸ್ ಸ್ಯಾಂಡ್ವಿಚ್, ಸ್ಕೋನ್ ಸಿಗತ್ತೆ. ಸೂಪಿಗೆ ಚಿಕನ್ ಸ್ಟಾಕ್ ಹಾಕಿದಾರಾ ಕೇಳಿ, ಚೀಸ್‌ಗೆ ವೆಜ್ ಗುರುತು ನೋಡಿ. ವೆನ್ಸ್ಲಿಡೇಲ್ ಚೀಸ್ ಈ ಕಡೆ ಸನ್ಯಾಸಿಗಳು ಶುರು ಮಾಡಿದ ಪದ್ಧತಿ, ತಿನ್ನೋರು ಇಲ್ಲಿ ತಿನ್ನಿ. ಚಿಕ್ಕ ಫ್ರೀ ಜಾಗಗಳಲ್ಲಿ ನೀರೂ ಸಿಗಲ್ಲ, ಟಾಯ್ಲೆಟ್ಟೂ ಇರಲ್ಲ. ಚಪಾತಿ ಪಲ್ಯ, ಚಿತ್ರಾನ್ನ, ಫ್ಲಾಸ್ಕಲ್ಲಿ ಟೀ ಕಟ್ಕೊಂಡು ಹೋಗಿ ಹುಲ್ಲಿನ ಮೇಲೆ ಕೂತು ತಿನ್ನಿ, ಯಾರೂ ಏನೂ ಅನ್ನಲ್ಲ, ಕಸ ಮಾತ್ರ ವಾಪಸ್ ತನ್ನಿ.

ಯಾವ ತಿಂಗಳು ಒಳ್ಳೇದು?

ಮೇ ಇಂದ ಸೆಪ್ಟೆಂಬರ್. ಜೂನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರತ್ತೆ, ಆದ್ರೆ ಗೇಟ್ ಐದು ಆರಕ್ಕೇ ಹಾಕ್ತಾರೆ. ಚಳಿಗಾಲದಲ್ಲಿ ಎಷ್ಟೋ ಕಡೆ ವಾರಾಂತ್ಯ ಮಾತ್ರ ತೆಗೆದಿರತ್ತೆ, ಡಿಸೆಂಬರಲ್ಲಿ ನಾಲ್ಕರ ಒಳಗೆ ಕತ್ತಲು. ಯಾವ ತಿಂಗಳಾದ್ರೂ ರೇನ್ ಜಾಕೆಟ್, ಹಿಡಿತ ಇರೋ ಶೂ ಬೇಕು, ಛತ್ರಿ ಗಾಳಿಗೆ ನಿಲ್ಲಲ್ಲ. ಹೊಲ ದಾಟೋವಾಗ ಗೇಟ್ ತೆಗೆದ್ರೆ ಮುಚ್ಚಿ, ಕುರಿಗಳ ಹತ್ರ ಓಡ್ಬೇಡಿ, ದಾರಿ ಅಂಚಲ್ಲಿ ತುರಿಕೆ ಸೊಪ್ಪು ಇರತ್ತೆ, ಮಕ್ಕಳಿಗೆ ಉದ್ದ ಪ್ಯಾಂಟ್ ಹಾಕಿ.

ಯಾರ್ಕ್‌ಶೈರ್ ಬಿಟ್ಟು ಬೇರೆ ಕಡೆ ಹೋಗೋದಾದ್ರೆ?

ಲಂಡನ್ ಹತ್ರ ಇರೋರಿಗೆ ಬೋಡಿಯಂ ಕೋಟೆ, 1385ರಲ್ಲಿ ಅನುಮತಿ ಪಡೆದು ಕಟ್ಟಿದ್ದು, ನೀರು ತುಂಬಿದ ಕಂದಕದ ಮಧ್ಯೆ ಇದೆ, ಒಳಗೆ ಪೂರ್ತಿ ಖಾಲಿ. ಬರ್ಮಿಂಗ್‌ಹ್ಯಾಮ್ ಕಡೆಯೋರಿಗೆ ಕೆನಿಲ್ವರ್ತ್, 1575ರಲ್ಲಿ ಮೊದಲನೇ ಎಲಿಜಬೆತ್ ರಾಣಿ 19 ದಿನ ಉಳ್ಕೊಂಡಿದ್ದ ಕೋಟೆ. ಇನ್ನೂ ಉತ್ತರಕ್ಕೆ ಹೋದ್ರೆ ಡನ್‌ಸ್ಟನ್‌ಬರ ಕೋಟೆ, ಕ್ರಾಸ್ಟರ್ ಹಳ್ಳೀಲಿ ಕಾರ್ ಬಿಟ್ಟು ಸಮುದ್ರ ದಂಡೇಲಿ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ನಡೆಯೋದು. ಅಲ್ಲಿಂದ ಮುಂದೆ ಲಿಂಡಿಸ್ಫಾರ್ನ್ ಪ್ರಯರಿ, ಅದು ದ್ವೀಪ, ದಿನಕ್ಕೆ ಎರಡು ಸಲ ಸಮುದ್ರ ಬಂದು ರೋಡ್ ಮುಳುಗತ್ತೆ. ದಾಟೋಕೆ ಸುರಕ್ಷಿತ ಟೈಮ್ ಕೌಂಟಿ ಕೌನ್ಸಿಲ್ ಪ್ರಕಟಿಸತ್ತೆ, ಅದನ್ನ ನೋಡ್ದೆ ಯಾವ ಕಾರಣಕ್ಕೂ ಇಳೀಬೇಡಿ, ನೀರು ಸ್ವಲ್ಪಾನೇ ಇದೆ ಅಂತ ನುಗ್ಗಿ ಕಾರ್ ಕಳ್ಕೊಂಡೋರು ಪ್ರತಿ ವರ್ಷ ಇರ್ತಾರೆ.

ಡ್ರೋನ್ ಹಾರಿಸ್ಬೋದಾ? ನೆನಪಿಗೆ ಒಂದು ಚಿಕ್ಕ ಕಲ್ಲು ತರ್ಬೋದಾ?

ಫೋಟೋ ಎಷ್ಟು ಬೇಕಾದ್ರೂ ತೆಗೀರಿ. ಡ್ರೋನ್‌ಗೆ ಅನುಮತಿ ಬೇಕು, ಸುಮ್ನೆ ಹೋದೋರಿಗೆ ಕೊಡಲ್ಲ. ಗೋಡೆ ಹತ್ತೋದು, ಹೆಸರು ಕೆತ್ತೋದು, ಮೆಟಲ್ ಡಿಟೆಕ್ಟರ್ ತರೋದು, ಕಲ್ಲು ಎತ್ತೋದು ಯಾವುದೂ ಬೇಡ, ಸಂರಕ್ಷಿತ ಸ್ಮಾರಕಗಳಲ್ಲಿ ಇದಕ್ಕೆಲ್ಲ ಕೇಸ್ ಹಾಕ್ತಾರೆ. ಐನೂರು ವರ್ಷ ಎಲ್ಲರೂ ಒಂದೊಂದು ಎತ್ಕೊಂಡು ಹೋಗಿ ಆಗಿದೆ, ಉಳಿದಿರೋದು ಇಷ್ಟೇ. ಟಿಕೆಟ್ ಕೌಂಟರ್ ಹತ್ರ ಗೈಡ್ ಪುಸ್ತಕ ಸಿಗತ್ತೆ, ಒಳ್ಳೇ ನಕ್ಷೆ ಇರತ್ತೆ ಅದರಲ್ಲಿ, ಅದನ್ನ ತಗೊಂಡು ಬನ್ನಿ.